ಗುಲಗಂಜಿ ತೂಕದ ಮದ್ದು

ಒಂದು ಗುಲಗಂಜಿ ಸುಮಾರು 120 ಮಿಲಿಗ್ರಾಂ ತೂಗುತ್ತದೆ. ನಮ್ಮ ಅಕ್ಕಸಾಲಿಗರು ತಲೆತಲಾಂತರದಿಂದ ಚಿನ್ನ ತೂಗಿದ್ದು ಈ ಕೆಂಪು ಕಾಳಿನಲ್ಲೇ. ಕೈಬಂದೂಕಿನ ತೋಟೆಯೊಳಗೆ ಎಷ್ಟು ಮದ್ದು ಇರುತ್ತದೆ ಎಂದು ಕೇಳಿದವರಿಗೂ ಇದೇ ಕಾಳನ್ನು ತೋರಿಸಬಹುದು. 9 ಮಿಲಿಮೀಟರ್ ಪಿಸ್ತೂಲಿನ ಒಂದು ತೋಟೆಗೆ ಸಾಮಾನ್ಯವಾಗಿ ಎರಡರಿಂದ ಮೂರು ಗುಲಗಂಜಿ ತೂಕದ ಮದ್ದು ಹಿಡಿಯುತ್ತದೆ; .32 ರಿವಾಲ್ವರಿನ ತೋಟೆಗೆ ಒಂದು ಗುಲಗಂಜಿಗಿಂತ ತುಸು ಹೆಚ್ಚು. ತೋಟೆ ತುಂಬುವವರ ಕೈಪಿಡಿಗಳಲ್ಲಿ ಒಂದೊಂದು ಮದ್ದಿಗೂ ಎರಡು ಅಂಕಿ ಕೊಟ್ಟಿರುತ್ತಾರೆ: ಎಲ್ಲಿಂದ ಶುರು ಮಾಡಬೇಕು, ಎಲ್ಲಿಗೆ ನಿಲ್ಲಿಸಬೇಕು. 9 ಮಿಲಿಮೀಟರ್ ತೋಟೆಯಲ್ಲಿ ಈ ಎರಡರ ನಡುವಿನ ಅಂತರ ಅನೇಕ ಸಲ ಅರ್ಧ ಗ್ರೇನ್, ಅಂದರೆ 32 ಮಿಲಿಗ್ರಾಂ. ರಾಗಿಯಲ್ಲಿ ಹೇಳುವುದಾದರೆ ಹನ್ನೆರಡು ಕಾಳು. ಇಷ್ಟು ಕಿರಿದಾದ ಜಾಗದಲ್ಲಿ ಕೈಯ ಅಳವಿಗೂ ಕಣ್ಣಿನ ಅಂದಾಜಿಗೂ ಎಷ್ಟೋ ವರ್ಷದ ಅನುಭವಕ್ಕೂ ಕೆಲಸವಿಲ್ಲ ಎನ್ನುವುದು ನನ್ನ ವಾದ. ಸುರಕ್ಷಿತ ಅಳತೆ ಯಾವುದೆಂದು ತುಂಬುವವನು ತಾನಾಗಿ ಕಂಡುಕೊಳ್ಳಲಾರ. ನಳಿಗೆಯೊಳಗಿನ ಒತ್ತಡವನ್ನು ಯಂತ್ರವಿಟ್ಟು ಅಳೆದವರಿಂದ ಅದನ್ನು ಪಡೆಯಬೇಕು, ಪಡೆದದ್ದನ್ನು ಹಾಗೆಯೇ ಪಾಲಿಸಬೇಕು.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಭಾರತದಲ್ಲಿ ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ಇದ್ದ ಮಾತ್ರಕ್ಕೆ ತೋಟೆ ತಯಾರಿಸುವ ಹಕ್ಕು ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಮದ್ದುಗುಂಡಿನ ತಯಾರಿಕೆಗೆ ಬೇರೆಯದೇ ಲೈಸೆನ್ಸ್ ಕೇಳುತ್ತದೆ. 9 ಮಿಲಿಮೀಟರ್ ಅಂತೂ ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರು. ಹೀಗಾಗಿ ಬೆಂಗಳೂರಿನಲ್ಲಿ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಾಗಲಿ ಪೀಣ್ಯದ ಶೆಡ್ಡಿನಲ್ಲಾಗಲಿ ಖಾಲಿ ತೋಟೆಗೆ ಮತ್ತೆ ಮದ್ದು ತುಂಬುವ ಪ್ರಶ್ನೆಯೇ ಏಳಬಾರದು. ಹಾಗಿದ್ದರೂ ಈ ಲೆಕ್ಕ ಕನ್ನಡಿಗರಿಗೆ ಎರಡು ಕಡೆಯಿಂದ ಬೇಕು. ಒಂದು, ಇಲ್ಲಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರ ಕಡೆಯಿಂದ. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಸ್ವಂತ ಬಳಕೆಗೆ ತೋಟೆ ತುಂಬಿಕೊಳ್ಳುವುದು ಕಾನೂನುಬದ್ಧ. ಗ್ಯಾರೇಜಿನ ಮೇಜಿಗೆ ಒಂದು ಪ್ರೆಸ್ಸನ್ನು ಬೋಲ್ಟ್ ಹಾಕಿ ಬಿಗಿದರೆ ಕೆಲಸ ಶುರು. ಇನ್ನೊಂದು, ಮಲೆನಾಡು ಮತ್ತು ಕೊಡಗಿನ ಕಡೆಯಿಂದ. ಪೀಣ್ಯದಲ್ಲಿ ಮೂರು ಶಿಫ್ಟಿನಲ್ಲಿ ದುಡಿಯುವವರಲ್ಲಿ ಮೂಡಿಗೆರೆ, ಸಕಲೇಶಪುರ, ತೀರ್ಥಹಳ್ಳಿ, ಮಡಿಕೇರಿ ಕಡೆಯವರಿದ್ದಾರೆ. ಅಂಥ ಊರುಗಳಲ್ಲಿ ಬೆಳೆ ರಕ್ಷಣೆಯ ಹೆಸರಿನಲ್ಲಿ ಕೇಪಿನ ಕೋವಿ ಇನ್ನೂ ಉಳಿದಿದೆ. ಕೊಡಗಿನ ಕೋವಿ ಲೈಸೆನ್ಸ್ ವಿನಾಯಿತಿ 1861ರಲ್ಲಿ ಮಾರ್ಕ್ ಕಬ್ಬನ್ ಕಾಲದಲ್ಲಿ ಬಂದದ್ದು, 2019ರ ಕೇಂದ್ರದ ಅಧಿಸೂಚನೆಯಂತೆ 2029ರವರೆಗೆ ಮುಂದುವರಿದಿದೆ. ಬಾಯಿಯಿಂದ ತುಂಬುವ ಕೇಪಿನ ಕೋವಿಯ ಸ್ವಭಾವವೇ ಹಾಗೆ: ಪ್ರತಿ ಈಡನ್ನೂ ಕೈಯಾರೆ ಅಳೆದು ಸುರಿಯಬೇಕು. ಗ್ಯಾರೇಜಿನವನು ನಂಬುವುದು ಎಕ್ಸೆಲ್ ಶೀಟನ್ನು, ಕೋವಿಯವನು ನಂಬುವುದು ಬೆರಳನ್ನು. ದಾರಿ ಬೇರೆಯಾದರೂ ಇಬ್ಬರೂ ಎಡವುವ ಜಾಗ ಒಂದೇ.

ಬೆರಳಳತೆಯನ್ನು ಹಗುರವಾಗಿ ಕಾಣುವಂತಿಲ್ಲ. ನಳಿಗೆಗೆ ಮಸಿ, ಅಂದರೆ ಕರಿಮದ್ದು, ಸುರಿದು, ತೆಂಗಿನ ನಾರನ್ನೋ ಬಟ್ಟೆಯ ಚೂರನ್ನೋ ತುರುಕಿ ಗಜದಿಂದ ಬಡಿದ ಮೇಲೆ, ಗಜ ನಳಿಗೆಯ ಬಾಯಿಂದ ಎಷ್ಟು ಬೆರಳು ಮೇಲೆ ನಿಂತಿತು ಎಂದು ನೋಡುವುದು ಒಂದು ಪರೀಕ್ಷೆ. ಈಡು ತುಂಬಿದೆಯೋ ಇಲ್ಲವೋ ಎಂಬುದು ಅದರಿಂದ ಗೊತ್ತಾಗುತ್ತದೆ, ಅಳತೆ ಮೀರಿದ್ದೂ ಗೊತ್ತಾಗುತ್ತದೆ. ಈ ಪದ್ಧತಿ ಶತಮಾನಗಟ್ಟಲೆ ನಡೆದು ಬಂದದ್ದಕ್ಕೆ ಕಾರಣ ಆ ಮಸಿಯ ಗುಣದಲ್ಲಿದೆ. ನೂರಕ್ಕೆ ಎಪ್ಪತ್ತೈದು ಪಾಲು ಪೆಟ್ಲುಪ್ಪು, ಹದಿನೈದು ಇದ್ದಿಲು, ಹತ್ತು ಗಂಧಕ ಸೇರಿದ ಕರಿಮದ್ದು ಉರಿದಾಗ ಅದರ ಅರ್ಧಕ್ಕೂ ಹೆಚ್ಚು ಭಾಗ ಅನಿಲವಾಗುವುದೇ ಇಲ್ಲ. ಹೊಗೆಯಾಗಿ, ನಳಿಗೆಗೆ ಅಂಟುವ ಕಿಟ್ಟವಾಗಿ ಉಳಿಯುತ್ತದೆ. ಸುತ್ತಲಿನ ಒತ್ತಡ ಏರಿದಾಗ ಅದು ಉರಿಯುವ ವೇಗ ಏರುವುದೂ ಸ್ವಲ್ಪವೇ. ಆದ್ದರಿಂದ ಒಂದು ಚಿಟಿಕೆ ಆಚೀಚೆಯಾದರೂ ಕೋವಿ ಸಹಿಸಿಕೊಳ್ಳುತ್ತದೆ. ಕರಿಮದ್ದನ್ನು ತೂಗದೆ ಸೇರು–ಪಾವಿನಂತೆ ಅಳೆಯುವುದು ಜಗತ್ತಿನ ಎಲ್ಲೆಡೆಯೂ ಒಪ್ಪಿದ ಕ್ರಮ. ‘ನಮ್ಮಜ್ಜ ಬೆರಳಲ್ಲೇ ಅಳೆದು ಎಪ್ಪತ್ತು ವರ್ಷ ಬದುಕಿದ್ದರು’ ಎನ್ನುವವರ ಮಾತು ಸುಳ್ಳಲ್ಲ. ಆದರೆ ಅಜ್ಜನನ್ನು ಕಾಪಾಡಿದ್ದರಲ್ಲಿ ಬೆರಳಿನ ಪಾಲಿಗಿಂತ ಕರಿಮದ್ದಿನ ತಾಳ್ಮೆಯ ಪಾಲು ದೊಡ್ಡದು. ಅದೇ ಬೆರಳಿನ ಅಳತೆಯಲ್ಲಿ ಬೇರೆ ಮದ್ದನ್ನು ಸುರಿದರೆ ಅಜ್ಜನ ಅನುಭವವೆಲ್ಲ ಒಂದೇ ಈಡಿಗೆ ಮುಗಿಯುತ್ತದೆ. ಕಾರ್ಖಾನೆಯ ತೋಟೆಯನ್ನು ಬಿಚ್ಚಿ, ಒಳಗಿನ ಹೊಗೆರಹಿತ ಮದ್ದನ್ನು ಕೇಪಿನ ಕೋವಿಗೆ ಹಾಕಿದರೆ ಆಗುವುದು ಅದೇ.

1884ರಲ್ಲಿ ಫ್ರಾನ್ಸಿನ ಪೌಲ್ ವಿಯೇಲ್ ಹೊಗೆರಹಿತ ಮದ್ದನ್ನು ಸಿದ್ಧಪಡಿಸಿದ ಮೇಲೆ ಕೆಲವೇ ವರ್ಷಗಳಲ್ಲಿ ಜಗತ್ತಿನ ಸೈನ್ಯಗಳೆಲ್ಲ ಆ ಕಡೆಗೆ ತಿರುಗಿದವು. ನಮ್ಮ ಗಡಿಯಾಚೆ ನೀಲಗಿರಿಯ ಅರುವಂಕಾಡಿನಲ್ಲಿ ಕಾರ್ಡೈಟ್ ಕಾರ್ಖಾನೆ ಎದ್ದದ್ದು 20ನೇ ಶತಮಾನದ ಆರಂಭದಲ್ಲೇ. ಈ ಹೊಸ ಮದ್ದು ನೈಟ್ರೋಸೆಲ್ಯುಲೋಸಿನದು. ಬಯಲಿನಲ್ಲಿ ಒಂದು ಚಿಟಿಕೆ ಇಟ್ಟು ಹೊತ್ತಿಸಿದರೆ ಹಳದಿ ಜ್ವಾಲೆಯಾಗಿ ಉರಿದುಹೋಗುತ್ತದೆ, ಸಿಡಿಯುವುದಿಲ್ಲ. ಮುಚ್ಚಿದ ಜಾಗದಲ್ಲಿ ಇದರ ನಡತೆಯೇ ಬೇರೆ. ಒತ್ತಡ ಹೆಚ್ಚಿದಷ್ಟೂ ಇದು ವೇಗವಾಗಿ ಉರಿಯುತ್ತದೆ. ವೇಗವಾಗಿ ಉರಿದಷ್ಟೂ ಒತ್ತಡ ಹೆಚ್ಚುತ್ತದೆ. ಹೀಗೆ ಒಂದಕ್ಕೊಂದು ಇಂಬು ಕೊಡುವುದರಿಂದ ಮದ್ದು ನೂರಕ್ಕೆ ಹತ್ತು ಹೆಚ್ಚಾದರೆ ಒತ್ತಡವೂ ಹತ್ತೇ ಹೆಚ್ಚುತ್ತದೆ ಎಂಬ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಅದಕ್ಕಿಂತ ಬಹಳ ಮೇಲಕ್ಕೆ ಹೋಗುತ್ತದೆ. ಔಟರ್ ರಿಂಗ್ ರೋಡಿನಲ್ಲಿ ಓಡುವ ಕಾರಿನ ಟೈರಿನಲ್ಲಿ ಸುಮಾರು 35 ಪಿಎಸ್‌ಐ ಗಾಳಿ ಇರುತ್ತದೆ. 9 ಮಿಲಿಮೀಟರ್ ತೋಟೆಗೆ ಅಮೆರಿಕದ ತಯಾರಕರ ಒಕ್ಕೂಟ ನಿಗದಿ ಮಾಡಿದ ಗರಿಷ್ಠ ಮಿತಿ 35,000 ಪಿಎಸ್‌ಐ. ಟೈರಿನ ಸಾವಿರ ಪಟ್ಟು ಒತ್ತಡ, ಹಿಡಿದ ಮುಷ್ಟಿಯಿಂದ ಒಂದೆರಡು ಅಂಗುಲ ದೂರದಲ್ಲಿ. ಎಲ್ಲ ಕೈಬಂದೂಕಿಗೂ ಈ ಮಿತಿ ಒಂದೇ ಅಲ್ಲ: .45 ಎಸಿಪಿಗೆ 21,000, .38 ಸ್ಪೆಷಲ್‌ಗೆ 17,000, .32 ಎಸ್ ಅಂಡ್ ಡಬ್ಲ್ಯು ಲಾಂಗ್‌ಗೆ 15,000. ಹೊರಗಿನಿಂದ ನೋಡಿದರೆ ಎಲ್ಲವೂ ಹಿತ್ತಾಳೆ, ಎಲ್ಲವೂ ಹೆಬ್ಬೆರಳಿನ ಗಾತ್ರ.

ಮದ್ದಿನ ತೂಕ ಸರಿಯಿದ್ದರೂ ಸಾಲದು. ಅದಕ್ಕೆ ದಕ್ಕಿದ ಜಾಗವೂ ಸರಿಯಿರಬೇಕು. ಹೈದರ್ ಮತ್ತು ಟಿಪ್ಪುವಿನ ಕಾಲದ ಮೈಸೂರು ರಾಕೆಟ್ಟುಗಳು ಅಷ್ಟು ದೂರ ಹಾರಿದ್ದಕ್ಕೆ ಕಾರಣ ಮದ್ದಿನಲ್ಲಿದ್ದಷ್ಟೇ ಅದನ್ನು ಬಿಗಿಹಿಡಿದ ಕಬ್ಬಿಣದ ಕೊಳವೆಯಲ್ಲೂ ಇತ್ತು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯೊಂದರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು. ಕಾಗದದ ಕೊಳವೆಯಲ್ಲಿ ಪುಸ್ಸೆನ್ನುವ ಮದ್ದು ಕಬ್ಬಿಣದ ಕೊಳವೆಯನ್ನೇ ಹಾರಿಸುತ್ತದೆ. ತೋಟೆಯಲ್ಲಿ ಈ ಮಾತು ಎಷ್ಟು ಸೂಕ್ಷ್ಮಕ್ಕೆ ಇಳಿಯುತ್ತದೆ ಎಂಬುದಕ್ಕೆ ಸ್ಪಿಯರ್ ಕಂಪನಿಯ ಕೈಪಿಡಿಯಲ್ಲಿ ದಾಖಲಾದ ಒಂದು ಪ್ರಯೋಗವನ್ನು ಬಲ್ಲವರೆಲ್ಲ ಉದಾಹರಿಸುತ್ತಾರೆ. 9 ಮಿಲಿಮೀಟರ್ ತೋಟೆಯಲ್ಲಿ ಮದ್ದನ್ನು ಒಂದಿಷ್ಟೂ ಬದಲಿಸದೆ, ಗುಂಡನ್ನು ಮಾತ್ರ ಒಂದು ಇಂಚಿನ ಸಾವಿರದಲ್ಲಿ ಮೂವತ್ತು ಭಾಗ ಹೆಚ್ಚು ಆಳಕ್ಕೆ ಕೂರಿಸಿದರು, ಅಂದರೆ ಮುಕ್ಕಾಲು ಮಿಲಿಮೀಟರು. ತಾಮ್ರದ ಮಾಪನದಲ್ಲಿ 28,000 ಇದ್ದ ಒತ್ತಡ 62,000ಕ್ಕೆ ಹೋಯಿತು. ಮದ್ದಿನ ತೂಕಕ್ಕೆ ಮಾತ್ರ ಗಮನ ಕೊಟ್ಟು ತೋಟೆಯ ಒಟ್ಟು ಉದ್ದವನ್ನು ವರ್ನಿಯರಿನಲ್ಲಿ ನೋಡದವನು ಅರ್ಧ ಕೆಲಸವನ್ನಷ್ಟೇ ಮಾಡಿದ್ದಾನೆ. ಗುಂಡಿನ ತೂಕ, ಅದರ ಆಕಾರ, ಕೇಪಿನ ಬಗೆ, ಹಿತ್ತಾಳೆಯ ಗೋಡೆಯ ದಪ್ಪ ಇವುಗಳಲ್ಲಿ ಒಂದು ಬದಲಾದರೂ ಕೈಪಿಡಿಯ ಅಂಕಿ ಬೇರೆಯದೇ ತೋಟೆಯ ಅಂಕಿಯಾಗುತ್ತದೆ.

ಮೇಲೆ ಹೇಳಿದ ತಾಮ್ರದ ಮಾಪನವನ್ನು ಪೀಣ್ಯದ ಟೂಲ್‌ರೂಮಿನವರು ಮೆಚ್ಚಿಯಾರು. ಪರೀಕ್ಷೆಯ ನಳಿಗೆಯಲ್ಲಿ ತೋಟೆ ಕೂರುವ ಜಾಗದ ಗೋಡೆಗೆ ರಂಧ್ರ ಕೊರೆದು ಒಂದು ಉಕ್ಕಿನ ಪಿಸ್ಟನ್ ಇಡುತ್ತಾರೆ. ಅದರ ತಲೆಯ ಮೇಲೆ ಉದ್ದ ಮೊದಲೇ ಗೊತ್ತಿರುವ ತಾಮ್ರದ ಪುಟ್ಟ ಸಿಲಿಂಡರ್, ಅದರ ಮೇಲೆ ಅಲುಗದ ಆನಿಕೆ. ಗುಂಡು ಹಾರಿದಾಗ ಅನಿಲ ಪಿಸ್ಟನ್ನನ್ನು ತಳ್ಳುತ್ತದೆ, ತಾಮ್ರ ಜಜ್ಜಿ ಗಿಡ್ಡವಾಗುತ್ತದೆ. ಅದನ್ನು ತೆಗೆದು ಮೈಕ್ರೋಮೀಟರಿನ ದವಡೆಗೆ ಸಿಕ್ಕಿಸಿ, ಎಷ್ಟು ಗಿಡ್ಡವಾಯಿತು ಎಂದು ಓದಿ, ಪಟ್ಟಿಯೊಡನೆ ಹೋಲಿಸಿದರೆ ಒತ್ತಡ ತಿಳಿಯುತ್ತದೆ. ಈಗ ಆ ಕೆಲಸವನ್ನು ಪೀಜೋ ಸಂವೇದಕಗಳು ಮಾಡುತ್ತವೆ, ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತಿನ ಏರಿಳಿತವನ್ನೂ ಗೆರೆಯಾಗಿ ಬಿಡಿಸಿ ತೋರಿಸುತ್ತವೆ. ಕೈಪಿಡಿಯಲ್ಲಿ ಅಚ್ಚಾದ ಅಂಕಿಯ ಹಿಂದೆ ಇಂಥ ಅಳತೆಯಿದೆ. ಮನೆಯ ಮೇಜಿನ ಮೇಲೆ ಇದಕ್ಕೆ ಸಮನಾದದ್ದು ಯಾವುದೂ ಇಲ್ಲ. ‘ಹಾರಿಸಿದ ತೋಟೆಯನ್ನು ನೋಡಿದರೆ ಒತ್ತಡ ಗೊತ್ತಾಗುತ್ತದೆ, ಕೇಪು ಚಪ್ಪಟೆಯಾಗಿರುತ್ತದೆ’ ಎಂದು ವಾದಿಸುವವರಿದ್ದಾರೆ. ರೈಫಲ್‌ನಲ್ಲಿ ಆ ಗುರುತುಗಳಿಗೆ ಅಷ್ಟಿಷ್ಟು ಬೆಲೆಯಿದೆ. ಕೈಬಂದೂಕಿನ ಕಥೆ ಹಾಗಲ್ಲ. ಕೇಪು ಚಪ್ಪಟೆಯಾಗುವ ಹೊತ್ತಿಗೆ .38 ಸ್ಪೆಷಲ್‌ನಂಥ ಮೃದು ತೋಟೆ ತನ್ನ ಮಿತಿಯನ್ನು ಎಷ್ಟೋ ದೂರ ದಾಟಿರುತ್ತದೆ. ಅಲ್ಲದೆ ಉಕ್ಕು ದೂರು ಹೇಳುವುದಿಲ್ಲ. ನೂರು ಈಡು ತಡೆದು, ಕಣ್ಣಿಗೆ ಕಾಣದ ಬಿರುಕು ಬೆಳೆಸಿಕೊಂಡು, ನೂರೊಂದನೆಯದಕ್ಕೆ ಒಡೆಯುತ್ತದೆ.

ಇನ್ನು ತಕ್ಕಡಿಯ ವಿಚಾರ. ಇಲ್ಲಿ ಪೀಣ್ಯದ ಶಿಸ್ತೇ ನನ್ನ ಸಾಕ್ಷಿ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, ತುಮಕೂರು ರಸ್ತೆಯಲ್ಲಿ 1962ರಲ್ಲಿ ಸಿಎಂಟಿಐ ಬಂದ ಮೇಲೆ ಬೆಂಗಳೂರಿನ ಈ ಭಾಗದಲ್ಲಿ ಅಳತೆಯೆಂಬುದು ಒಂದು ಸಂಸ್ಕಾರವಾಯಿತು. ಸಿಎನ್‌ಸಿ ಮೆಷಿನ್ನಿನಿಂದ ಹೊರಬಂದ ಮೊದಲ ಪೀಸನ್ನು ಪಾಸು ಮಾಡಿಸದೆ ಎರಡನೆಯದಕ್ಕೆ ಕೈಹಾಕುವಂತಿಲ್ಲ. ಕ್ಯಾಲಿಬ್ರೇಶನ್ ಸ್ಟಿಕರಿನ ತಾರೀಕು ಮುಗಿದ ಗೇಜನ್ನು ಮುಟ್ಟುವಂತಿಲ್ಲ. ಅಲ್ಲಿ ಒಪ್ಪಿಕೊಂಡ ಇನ್ನೊಂದು ರೂಢಿಯಿದೆ: ಯಾವ ಅಂತರವನ್ನು ಕಾಯಬೇಕೋ ಅದರ ಹತ್ತನೇ ಒಂದು ಭಾಗವನ್ನಾದರೂ ಉಪಕರಣ ಗುರುತಿಸಬೇಕು. ಈ ಅಳತೆಗೋಲನ್ನೇ ಮದ್ದಿಗೆ ಹಿಡಿಯೋಣ. ಕಾಯಬೇಕಾದ ಅಂತರ 32 ಮಿಲಿಗ್ರಾಂ. ಒಂದು ಗ್ರಾಂ ಲೆಕ್ಕ ತೋರಿಸುವ ಅಡುಗೆಮನೆಯ ತಕ್ಕಡಿಗೆ ಇಡೀ ತೋಟೆಯ ಮದ್ದು ಸುರಿದರೂ ಅರಿವೇ ಆಗುವುದಿಲ್ಲ. ಒಡವೆ ತೂಗಲೆಂದು ಮಾರುವ ಅಗ್ಗದ ಪಾಕೆಟ್ ತಕ್ಕಡಿ 10 ಮಿಲಿಗ್ರಾಂ ಗುರುತಿಸುತ್ತದೆ, ಅಂತರದ ಮೂರನೇ ಒಂದು ಭಾಗ. ಪೀಣ್ಯದಲ್ಲಿ ಇಂಥ ಗೇಜನ್ನು ಮೂಲೆಗೆ ಎಸೆಯುತ್ತಾರೆ. ತೋಟೆ ತುಂಬುವವರಿಗೆಂದೇ ಮಾಡಿದ ತಕ್ಕಡಿಗಳು ಸಾಮಾನ್ಯವಾಗಿ ಗ್ರೇನಿನ ಹತ್ತನೇ ಭಾಗ, ಅಂದರೆ ಆರೂವರೆ ಮಿಲಿಗ್ರಾಂ ತೋರಿಸುತ್ತವೆ, ಅಂತರದ ಐದನೇ ಒಂದು ಭಾಗ. ಇದಕ್ಕೆಂದೇ ಮಾಡಿದ ಉಪಕರಣವೇ ಹೀಗೆ ಅಂಚಿನಲ್ಲಿ ನಿಂತಿದೆ. ಫ್ಯಾನಿನ ಗಾಳಿ ತಾಗಿದರೂ, ಮೇಜು ಅಲುಗಿದರೂ ಅಂಕಿ ಜಾರುತ್ತದೆ. ಆದ್ದರಿಂದ ತೂಕ ಗೊತ್ತಿರುವ ಬೊಟ್ಟನ್ನು ಕೆಲಸದ ಮೊದಲಿಗೂ ನಡುವೆಯೂ ಕೊನೆಗೂ ಇಟ್ಟು ನೋಡಬೇಕು. ಕೈಪಿಡಿಯ ಗರಿಷ್ಠ ಅಂಕಿಯ ಹತ್ತಿರ ಹೋಗಬೇಡಿ, ಕೆಳಗಿನ ಅಂಕಿಯಿಂದಲೇ ಶುರು ಮಾಡಿ ಎಂದು ಬಲ್ಲವರು ಹೇಳುವುದರ ಅರ್ಥ ಈಗ ಸ್ಪಷ್ಟವಾಗುತ್ತದೆ. ತಕ್ಕಡಿಯ ತಪ್ಪಿಗೂ ಮದ್ದಿನ ಒಂದು ಲಾಟಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸಕ್ಕೂ ಜಾಗ ಬಿಡಬೇಕಲ್ಲ.

ಹಾಗಾದರೆ ಕಡಿಮೆ ಹಾಕಿದಷ್ಟೂ ಕ್ಷೇಮವೇ? ಈ ಪ್ರಶ್ನೆ ಸಹಜ, ಉತ್ತರ ಮಾತ್ರ ‘ಅಲ್ಲ’ ಎಂದೇ. ಮದ್ದು ತೀರ ಕಡಿಮೆಯಾದರೆ, ಅಥವಾ ಬೀಳದೇ ಹೋದರೆ, ಕೇಪಿನ ಬಲವೊಂದೇ ಗುಂಡನ್ನು ನಳಿಗೆಯ ಅರ್ಧಕ್ಕೆ ತಳ್ಳಿ ನಿಲ್ಲಿಸುತ್ತದೆ. ‘ಢಮ್’ ಬದಲಿಗೆ ‘ಟಪ್’ ಎಂಬ ಸಣ್ಣ ಸದ್ದು. ಅದನ್ನು ಗಮನಿಸದೆ ಮುಂದಿನದನ್ನು ಹಾರಿಸಿದರೆ ಎರಡನೇ ಗುಂಡು ಮೊದಲನೆಯದಕ್ಕೆ ಬಡಿಯುತ್ತದೆ, ನಳಿಗೆ ಉಬ್ಬುತ್ತದೆ ಇಲ್ಲವೇ ಸೀಳುತ್ತದೆ. ಕೆಳಗಿನ ಅಂಕಿ ಕೂಡ ಒಂದು ಗಡಿಯೇ. ಇದಕ್ಕಿಂತ ಅಪಾಯಕಾರಿ ತಪ್ಪು ಒಂದೇ ತೋಟೆಗೆ ಎರಡು ಸಲ ಮದ್ದು ಬೀಳುವುದು. .38 ಸ್ಪೆಷಲ್ ಹುಟ್ಟಿದ್ದು ಕರಿಮದ್ದಿನ ಕಾಲದ ಕೊನೆಗೆ, 1898ರ ಹೊತ್ತಿಗೆ. ಹೆಚ್ಚು ಜಾಗ ಬೇಡುವ ಕರಿಮದ್ದಿಗೆ ಒಪ್ಪುವಂತೆ ಅದರ ಹಿತ್ತಾಳೆ ಉದ್ದ ಮತ್ತು ಟೊಳ್ಳು. ಇಂದಿನ ವೇಗದ ಮದ್ದು ಅದರ ತಳದಲ್ಲಿ ಸಣ್ಣ ಗುಡ್ಡೆಯಾಗಿ ಬಿದ್ದಿರುತ್ತದೆ. ಇನ್ನೊಂದು ಪಾಲು ಬಿದ್ದರೂ ತುಂಬಿ ಚೆಲ್ಲುವುದಿಲ್ಲ. ಮೊಬೈಲ್ ರಿಂಗಾಯಿತು, ಯಾರೋ ಕರೆದರು, ಪ್ರೆಸ್ಸಿನ ಹಿಡಿಯನ್ನು ಇನ್ನೊಮ್ಮೆ ಎಳೆದರು, ಇಷ್ಟು ಸಾಕು. ಅದಕ್ಕೇ ಗುಂಡು ಕೂರಿಸುವ ಮುನ್ನ ಐವತ್ತು ಹಿತ್ತಾಳೆಗಳನ್ನೂ ಮರದ ಪಟ್ಟಿಯ ಕುಳಿಗಳಲ್ಲಿ ಸಾಲಾಗಿ ನಿಲ್ಲಿಸಿ, ಮೇಲಿನಿಂದ ಟಾರ್ಚ್ ಬೆಳಕು ಬಿಟ್ಟು ಒಂದೊಂದರೊಳಗೂ ಇಣುಕಿ ನೋಡುವ ಪದ್ಧತಿ ಬಂದದ್ದು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರಬೇಕು ಎಂಬ ನಿಯಮವೂ ಇಂಥ ಕಾರಣಕ್ಕೇ. ಕನ್ನಡದಲ್ಲಿ ಔಷಧಿಗೂ ಸಿಡಿಯುವ ಪುಡಿಗೂ ‘ಮದ್ದು’ ಎಂದೇ ಹೆಸರು. ಲೇಬಲ್ ಕಿತ್ತ ಸೀಸೆಯ ಔಷಧಿಯನ್ನು ಯಾವ ತಾಯಿಯೂ ಮಗುವಿಗೆ ಕುಡಿಸುವುದಿಲ್ಲ.

ಎಂಜಿನಿಯರುಗಳ ಆಕ್ಷೇಪಕ್ಕೆ ಪ್ರತ್ಯೇಕವಾಗಿ ಉತ್ತರಿಸಬೇಕು, ಏಕೆಂದರೆ ಅದರಲ್ಲಿ ಬಲವಿದೆ. ಪ್ರತಿ ಬಂದೂಕನ್ನೂ ಮಿತಿಗಿಂತ ಹೆಚ್ಚಿನ ಒತ್ತಡದಲ್ಲಿ ಪರೀಕ್ಷಿಸಿಯೇ ಮಾರುತ್ತಾರೆ, ಯುರೋಪಿನ ನಿಯಮದಂತೆ ಕೈಬಂದೂಕಿಗೆ ನೂರಕ್ಕೆ ಮೂವತ್ತು ಹೆಚ್ಚು. ಅಂದಮೇಲೆ ಅಷ್ಟು ಅಂಚು ನಮ್ಮ ಕೈಯಲ್ಲಿದೆಯಲ್ಲ ಎನ್ನುತ್ತಾರೆ. ಆ ಅಂಚು ಇರುವುದು ಉಕ್ಕಿನ ದೋಷಕ್ಕೆ, ಬಿಸಿಲಲ್ಲಿ ಕಾದ ತೋಟೆಗೆ, ನಳಿಗೆಯಲ್ಲಿ ಉಳಿದ ಎಣ್ಣೆಗೆ, ಗೊತ್ತಿಲ್ಲದೆ ನಡೆಯುವುದಕ್ಕೆ. ಗೊತ್ತಿದ್ದೇ ಅದನ್ನು ಖರ್ಚು ಮಾಡಿದರೆ ಗೊತ್ತಿಲ್ಲದ್ದು ಬಂದಾಗ ಕೊಡಲು ಏನೂ ಉಳಿಯುವುದಿಲ್ಲ. ಜೊತೆಗೆ ಪರೀಕ್ಷೆಯ ಒತ್ತಡವನ್ನು ಬಂದೂಕು ತಡೆದುಕೊಳ್ಳುವುದು ಒಂದೆರಡು ಸಲಕ್ಕೆ, ದಿನನಿತ್ಯಕ್ಕಲ್ಲ. ಇನ್ನೊಂದು ಮಾತು, ಕಂಪ್ಯೂಟರ್ ಮಾದರಿಗಳಿವೆ, ನಾಲ್ಕು ಬಿಂದು ಗೊತ್ತಿದ್ದರೆ ಐದನೆಯದನ್ನು ಲೆಕ್ಕಹಾಕಬಹುದು ಎಂಬುದು. ಎರಡು ಬಿಂದುಗಳ ನಡುವೆ ಅದು ಎಷ್ಟೋ ಹೊಂದೀತು. ಗರಿಷ್ಠ ಬಿಂದುವಿನ ಆಚೆಗೆ ಗೆರೆಯನ್ನು ಎಳೆದಾಗ ಮಾತ್ರ, ಒಂದಕ್ಕೊಂದು ಇಂಬು ಕೊಡುವ ಆ ಸ್ವಭಾವದಿಂದಾಗಿ ನಿಜವಾದ ಒತ್ತಡ ಲೆಕ್ಕದ ಗೆರೆಯನ್ನು ಬಿಟ್ಟು ಕಡಿದಾಗಿ ಮೇಲೇಳುತ್ತದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿ ಬಿಟ್ಟ ಕೋಡು ಕೆಟ್ಟರೆ ಬೆಳಗಿನೊಳಗೆ ಹಿಂದಕ್ಕೆ ತೆಗೆಯಬಹುದು. ಹಾರಿಸಿದ ತೋಟೆಗೆ ಆ ಅವಕಾಶವಿಲ್ಲ.

ಉಳಿದದ್ದು ಇಲ್ಲಿನ ಕಾನೂನಿನ ಮೇಲಿನ ದೂರು. ಕ್ರೀಡಾ ಶೂಟರುಗಳಿಗೆ ಅಭ್ಯಾಸಕ್ಕೆ ಸಾವಿರಗಟ್ಟಲೆ ತೋಟೆ ಬೇಕು, ಅವು ದುಬಾರಿ, ಬೇಕೆಂದಾಗ ಸಿಗುವುದೂ ಇಲ್ಲ ಎಂಬ ಕಷ್ಟ ನಿಜವಾದದ್ದೇ. ಮದ್ದೇ ಬೇಡದ ಏರ್ ಪಿಸ್ತೂಲಿನಲ್ಲಿ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ, ಕೆನಡಾದ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದು, 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು. ಮದ್ದು ಬೇಕಾದ ಸ್ಪರ್ಧೆಗಳವರಿಗೆ ಸರಕಾರ ಒಳ್ಳೆಯ ತೋಟೆಗಳನ್ನು ಸಾಕಷ್ಟು ಒದಗಿಸಬೇಕು ಎಂದು ನಾನೂ ಹೇಳುತ್ತೇನೆ. ಆದರೆ ‘ನನ್ನ ಮನೆ, ನನ್ನ ಬಾಲ್ಕನಿ, ಯಾರಿಗೇನು ತೊಂದರೆ’ ಎಂಬ ವಾದ ಈ ಊರಿನಲ್ಲಿ ನಿಲ್ಲುವುದಿಲ್ಲ. ಒಂದು ಗೋಡೆಯ ಆಚೆ ಇನ್ನೊಂದು ಸಂಸಾರವಿದೆ. 2023ರ ಅಕ್ಟೋಬರ್ 7ರಂದು ಎಲೆಕ್ಟ್ರಾನಿಕ್ ಸಿಟಿಯಿಂದ ಹೊಸೂರಿಗೆ ಹೋಗುವ ದಾರಿಯ ಅತ್ತಿಬೆಲೆಯಲ್ಲಿ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಹದಿನಾಲ್ಕಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹಲವರು ತಮಿಳುನಾಡಿನಿಂದ ದೀಪಾವಳಿಯ ನಾಲ್ಕು ಕಾಸಿಗೆಂದು ಬಂದ ಹುಡುಗರು. ಅಲ್ಲಿದ್ದದ್ದು ತೋಟೆಯಲ್ಲ, ಪಟಾಕಿ; ಆದರೂ ಮದ್ದನ್ನು ಎಲ್ಲಿ, ಎಷ್ಟು, ಯಾರ ಪಕ್ಕದಲ್ಲಿ ಇಡಬಹುದು ಎಂಬ ಲೆಕ್ಕ ತಪ್ಪಿದರೆ ಯಾರು ಬೆಲೆ ತೆರುತ್ತಾರೆಂದು ಆ ಸಂಜೆ ಕಂಡಿತು.

ಊರಿನ ಮನೆಯಲ್ಲಿ ಕೋವಿ ಇರುವವರು ಹಬ್ಬಕ್ಕೆ ಹೋದಾಗ ಮಾಡಬಹುದಾದ ಕೆಲಸವೊಂದಿದೆ. ಅಟ್ಟದ ಮೇಲಿನ ಹಳೆಯ ಡಬ್ಬಿಗಳನ್ನು ಇಳಿಸಿ ನೋಡುವುದು. ಕರಿಮದ್ದು ಕಪ್ಪಗೆ, ಕಾಳುಕಾಳಾಗಿ ಇರುತ್ತದೆ. ಹೊಗೆರಹಿತ ಮದ್ದು ಬೂದು ಇಲ್ಲವೇ ಹಸಿರು ಛಾಯೆಯ ಸಣ್ಣ ಬಿಲ್ಲೆ, ಕಡ್ಡಿ, ಗುಂಡು ಹರಳುಗಳ ರೂಪದಲ್ಲಿರುವುದು ಹೆಚ್ಚು, ಕಪ್ಪಗಿರುವುದೂ ಉಂಟು. ಹಾಗಾಗಿ ಬಣ್ಣ ನೋಡಿ ತೀರ್ಮಾನಿಸುವಂತಿಲ್ಲ. ಮೇಲೆ ಹೆಸರಿಲ್ಲದ ಯಾವ ಮದ್ದನ್ನೂ ನಳಿಗೆಗೆ ಹಾಕುವಂತಿಲ್ಲ. ಮುಚ್ಚಳ ತೆಗೆದಾಗ ಹುಳಿ ಹುಳಿಯಾದ ಕಟು ವಾಸನೆ ಬಂದರೆ, ಒಳಗೆ ತುಕ್ಕಿನ ಬಣ್ಣದ ಹೊಗೆಯೋ ಪುಡಿಯೋ ಕಂಡರೆ ಆ ಮದ್ದು ಕೊಳೆಯತೊಡಗಿದೆ, ತನ್ನಷ್ಟಕ್ಕೆ ಹೊತ್ತಿಕೊಳ್ಳಲೂಬಹುದು. ಅಂಥದ್ದನ್ನು ಒಲೆಗೂ ಬಾವಿಗೂ ಹಾಕದೆ, ಮಕ್ಕಳನ್ನು ದೂರವಿಟ್ಟು, ಇದ್ದಲ್ಲೇ ಬಿಟ್ಟು ಪೊಲೀಸು ಠಾಣೆಗೆ ತಿಳಿಸಬೇಕು. ಹೆಸರು ಗೊತ್ತಿರುವ ಕರಿಮದ್ದಿನ ಡಬ್ಬಿಯನ್ನು ಒಣ ಜಾಗದಲ್ಲಿ ಪ್ರತ್ಯೇಕ ಇಟ್ಟು, ಅದರ ಪಕ್ಕದಲ್ಲಿ ಅದೇ ಕೋವಿಗೆ ಸರಿಹೊಂದುವ ಒಂದೇ ಅಳತೆಯ ಹಿತ್ತಾಳೆ ಕೊಳವೆಯನ್ನು ದಾರದಲ್ಲಿ ಕಟ್ಟಿ ತೂಗುಹಾಕಬೇಕು, ಮುಂದೆ ಯಾರು ತುಂಬಿದರೂ ಆ ಕೊಳವೆಯಲ್ಲೇ ತುಂಬುವಂತೆ.